ಇಲಿ ತಿಂದ ಮೂಲೆ

ಒಂಬತ್ತು ಫೋಟೋಗಳನ್ನು ಕೇರಂ ಬೋರ್ಡಿನ ಮೇಲೆ ಸಾಲಾಗಿ ಜೋಡಿಸಿದ ಪೂರ್ವಿ, ಹತ್ತನೆಯದಕ್ಕಾಗಿ ಗುಂಡಪ್ಪನ ಮುಂದೆ ಕೈ ಚಾಚಿದಳು.

ಗುಂಡಪ್ಪ ನಾಗಪುರದ ಕನ್ನಡ ಕೂಟದ ಖಜಾಂಚಿ. ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದು, ಬಜಾಜ್ ನಗರದಲ್ಲಿ ಮನೆ ಕಟ್ಟಿಸಿಕೊಂಡು ಕೂತವನು. ಆ ಫೋಟೋ ಎಸೆದುಬಿಟ್ಟೆ ಎಂದು ನಿನ್ನೆ ಸಂಜೆಯಷ್ಟೇ ಹೇಳಿ ಅವಳನ್ನು ಬಾಗಿಲಿನಿಂದಲೇ ಸಾಗಹಾಕಿದ್ದ.

"ಎಸದಿಲ್ಲ ಕಾಕಾ," ಅಂದಳು ಪೂರ್ವಿ. "ನಿಮ್ಮ ಮನ್ಯಾಗ ದೇವರ ಸ್ಟೂಲಿನ ಕಾಲಿನ ಕೆಳಗ ಐತಿ. ನಿಮ್ಮ ಸೊಸಿ ಹೇಳ್ಯಾರ."

ಗುಂಡಪ್ಪ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದ. ಫೋಟೋ ಅದರೊಳಗಿತ್ತು. ನಡುಮಧ್ಯದಲ್ಲಿ ಸ್ಟೂಲಿನ ಕಾಲಿನ ದುಂಡು ಗುರುತು ಬಿದ್ದಿತ್ತು.

"ಸ್ಟೂಲ್ ಅಳ್ಳಾಡತಿತ್ತವಾ. ಹೆಂಗೂ ಇಲಿ ತಿಂದ ಫೋಟೋ ಅಂತ..."

ಹತ್ತೂ ಫೋಟೋಗಳಿಗೆ ಒಂದೇ ರೋಗ. ಬಲಗಡೆಯ ಮೇಲಿನ ಮೂಲೆಯಲ್ಲಿ ಚಿತ್ರವೇ ಮೂಡಿರಲಿಲ್ಲ. ಬಿಚ್ಚಿದ ಬೀಸಣಿಗೆಯ ಆಕಾರದಲ್ಲಿ ಬರೀ ಬಿಳಿ. ಯುಗಾದಿಯ ದಿನ ಫೋಟೋ ಕೈಗೆ ಬಂದವರೆಲ್ಲ ನಕ್ಕಿದ್ದರು. ಇಲಿ ತಿಂದಿದೆ ಎಂದು ಮೊದಲು ಹೇಳಿದವನು ಕೂಟದ ಕಾರ್ಯದರ್ಶಿ ರಂಜನ್. ಅದನ್ನೇ ಮೈಕಿನಲ್ಲೂ ಹೇಳಿ, ಅಗ್ಗದ ಫೋಟೋಗ್ರಾಫರನ್ನು ಕರೆದರೆ ಇಲಿಗೂ ಹಬ್ಬದ ಊಟ ಎಂದು ಸೇರಿಸಿದ್ದ. ಆ ಫೋಟೋಗ್ರಾಫರ್ ಪೂರ್ವಿಯೇ. ಈಗ ಅದೇ ಮೂಲೆಗಳನ್ನು ಎರಡು ದಿನ ಮನೆಮನೆ ತಿರುಗಿ ಆರಿಸಿಕೊಂಡು ಬಂದಿದ್ದಳು.

ಅದೇ ಯುಗಾದಿಯ ಊಟದ ಹೊತ್ತಿಗೆ ಕೂಟದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ವ್ಯಾಸರಾಜ ಕಾಕಾ ಈ ಕೂಟದ ಕಟ್ಟಡದ ಹಿಂದಿನ ಕಲ್ಲುಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ. ಐದು ದಿನವಾಗಿತ್ತು, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಹನ್ನೊಂದನೆಯ ಫೋಟೋ ಇನ್ಸ್‌ಪೆಕ್ಟರ್ ವಾನಖೇಡೆಯ ಕೈಯಲ್ಲಿತ್ತು, ಪ್ಲಾಸ್ಟಿಕ್ ಲಕೋಟೆಯೊಳಗೆ. ಹಬ್ಬದ ಮರುದಿನ ಕೂಟದ ಅಂಚೆಪೆಟ್ಟಿಗೆಯಲ್ಲಿ ಅದು ಸಿಕ್ಕಿತ್ತು. ಸಿಕ್ಕಿದ್ದು ರಂಜನ್‌ಗೆ, ಪೊಲೀಸರಿಗೆ ಮುಟ್ಟಿಸಿದವನೂ ಅವನೇ. ಅದರಲ್ಲಿ ಪೂರ್ವಿಯ ಅಪ್ಪ ಉಮಾಪತಿ ಅದೇ ಕಲ್ಲುಮೆಟ್ಟಿಲ ಮೇಲೆ ನಿಂತು ವ್ಯಾಸರಾಜನ ಮುಂಗೈ ಹಿಡಿದು ಎಳೆಯುತ್ತಿದ್ದ. ಇಬ್ಬರ ಬಾಯಿಯೂ ತೆರೆದಿತ್ತು. ಕೆಳಗಿನ ಬಿಳಿ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ತಾರೀಕು: 19-3. ಯುಗಾದಿಯ ತಾರೀಕು.

ಆ ತಾರೀಕಿನ ಮೂರನ್ನು ಪೂರ್ವಿ ಮೊದಲ ದಿನವೇ ಗಮನಿಸಿದ್ದಳು. ತಲೆ ದುಂಡಗಿರಲಿಲ್ಲ. ಮೇಲೆ ಹಲಗೆ ಇಟ್ಟ ಹಾಗೆ ಚಪ್ಪಟೆ ಗೆರೆ, ಅದರ ಕೆಳಗೆ ಹೊಟ್ಟೆ. ರಂಜನ್ ಬರೆದ ಸಭೆಯ ನಡಾವಳಿ ಪುಸ್ತಕ ತಿರುವಿ ನೋಡಿದಳು. ಅವನ ಮೂರಕ್ಕೆ ಮೇಲೂ ಕೆಳಗೂ ಹೊಟ್ಟೆ. ಗುಂಡಪ್ಪನ ರಸೀದಿಗಳಲ್ಲೂ ಹಾಗೆಯೇ. ಅಲ್ಲಿಗೆ ಆ ದಾರಿ ಮುಚ್ಚಿತ್ತು.

ವಾನಖೇಡೆ ಗಡಿಯಾರ ನೋಡಿದ. ಹನ್ನೆರಡಕ್ಕೆ ಜೀಪ್ ಬರುತ್ತದೆ, ಅಷ್ಟರೊಳಗೆ ಏನು ತೋರಿಸುವುದಿದೆಯೋ ತೋರಿಸು ಎಂದು ಮರಾಠಿಯಲ್ಲಿ ಹೇಳಿದ. ಕೆಟ್ಟ ಮನುಷ್ಯನಲ್ಲ. ಆದರೆ ಉಮಾಪತಿಯೇ ನೂಕಿದ್ದಾನೆ ಎನ್ನಲು ಅವನ ಬಳಿ ಒಂದು ಫೋಟೋ ಇತ್ತು, ಒಂದು ಜಗಳ ಇತ್ತು. ಹಬ್ಬದ ಬೆಳಿಗ್ಗೆ ಉಮಾಪತಿ, ವ್ಯಾಸರಾಜ ಇಬ್ಬರೂ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಕೂಗಾಡಿದ್ದನ್ನು ಕೆಳಗೆ ಹೋಳಿಗೆ ಬೇಯಿಸುತ್ತಿದ್ದವರೆಲ್ಲ ಕೇಳಿದ್ದರು.

ಹನ್ನೆರಡಾಗಲು ನಲವತ್ತು ನಿಮಿಷ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ನಲವತ್ತೆಂಟು ಗಂಟೆ ಲಾಕಪ್ಪಿನಲ್ಲಿ ಕೂತರೆ ನೌಕರಿಯಿಂದ ಅಮಾನತು, ಅದಕ್ಕೆ ಯಾವ ವಿಚಾರಣೆಯೂ ಬೇಕಿಲ್ಲ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು.

ಅಪ್ಪ ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಪೇದೆ. ಈ ಐದು ದಿನದಲ್ಲಿ ಅಪ್ಪ ನಾನು ಮಾಡಿಲ್ಲ ಎಂದು ಒಂದು ಸಲವೂ ಹೇಳಿರಲಿಲ್ಲ. ಯಾರು ಏನು ಕೇಳಿದರೂ ನೆನಪಿಲ್ಲ ಎಂಬ ಒಂದೇ ಉತ್ತರ. ಅದನ್ನು ಪೂರ್ವಿ ಸ್ವಾಭಿಮಾನ ಅಂದುಕೊಂಡಿದ್ದಳು. ಬಾಗಲಕೋಟೆ ಕಡೆಯ ಗಂಡಸರಿಗೆ ಬೇಡಿಕೊಳ್ಳುವುದು ಬರುವುದಿಲ್ಲ.

ಬಾಗಿಲ ಬಳಿ ಅವ್ವ ಅನಸೂಯ. ಕಾಲ ಬಳಿ ಕೈಚೀಲ, ಅದರಲ್ಲಿ ಬುತ್ತಿ, ಟವೆಲ್, ಎರಡು ಜೊತೆ ಅಂಗಿ. ಜೈಲಿಗೆ ಕಳಿಸಲು ಈಗಲೇ ಗಂಟು ಕಟ್ಟಿದೆಯಾ ಎಂದು ಬೆಳಿಗ್ಗೆ ಪೂರ್ವಿ ಅವಳ ಮೇಲೆ ಹರಿಹಾಯ್ದಿದ್ದಳು. ಅವ್ವ ಚೀಲದ ಜಿಪ್ ಎಳೆದಿದ್ದಳು.

"ಇವು ಯುಗಾದಿ ದಿನ ನಾನು ತೆಗೆದ ಫೋಟೋಗಳು," ಪೂರ್ವಿ ಮರಾಠಿಯಲ್ಲಿ ಶುರು ಮಾಡಿದಳು. "ಒಂದು ಪ್ಯಾಕಿನಲ್ಲಿ ಹತ್ತು ಬರುತ್ತವೆ. ಹತ್ತೂ ಇಲ್ಲಿವೆ. ಹತ್ತಕ್ಕೂ ಮೂಲೆ ಇಲ್ಲ. ನಿಮ್ಮ ಕೈಯಲ್ಲಿರುವುದಕ್ಕೆ ನಾಲ್ಕೂ ಮೂಲೆ ಇದೆ."

ವಾನಖೇಡೆ ಲಕೋಟೆಯನ್ನು ಬೋರ್ಡಿನ ಹತ್ತಿರ ಹಿಡಿದು ಹೋಲಿಸಿದ. ಹೌದು. ಬಲಗಡೆಯ ಮೂಲೆಯಲ್ಲಿ ಮೆಟ್ಟಿಲ ಮೇಲಿನ ಕಿಟಕಿ, ಕಿಟಕಿಯ ಸರಳು, ಎಲ್ಲ ಸ್ವಚ್ಛವಾಗಿ ಬಂದಿತ್ತು.

ಏಕೆ ಹೀಗೆ ಎಂದು ಅವನು ಕೇಳಿದ. ಕೇಳಲಿ ಎಂದೇ ಪೂರ್ವಿ ಕಾದಿದ್ದಳು.

ಅವಳದು ತಾರೀಕು ಮುಗಿದ ಫಿಲಂ. ಬಟನ್ ಒತ್ತಿದರೆ ಕ್ಯಾಮೆರಾದಿಂದಲೇ ಫೋಟೋ ಹೊರಬೀಳುವ ಇನ್‌ಸ್ಟಂಟ್ ಫಿಲಂ ಹೊಸದು ಕೊಂಡರೆ, ಒಂದು ನಾಮಕರಣದ ಬಾರಸೆಗೆ ಹೋಗಿ ಫೋಟೋ ತೆಗೆದು ಬಂದರೂ ಕೈಯಲ್ಲಿ ಆಟೋ ಚಾರ್ಜೂ ಉಳಿಯುವುದಿಲ್ಲ. ಗಾಂಧಿಬಾಗ್‌ನ ಸಗಟು ಗೋದಾಮೊಂದರಲ್ಲಿ ಎರಡು ವರ್ಷದ ಹಿಂದೆ ತಾರೀಕು ಮುಗಿದ ಪ್ಯಾಕುಗಳು ಮೂರನೇ ಒಂದು ಬೆಲೆಗೆ ಸಿಗುತ್ತವೆ. ಬಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ, ಕಪ್ಪು ಪೂರ್ತಿ ಕಪ್ಪಾಗುವುದಿಲ್ಲ. ಬೆಳಕು ಸ್ವಲ್ಪ ಹೆಚ್ಚು ಕೊಟ್ಟರೆ ಸರಿಹೋಗುತ್ತದೆ. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ನಾಲ್ಕು ಪ್ಯಾಕು ಹಾಳುಮಾಡಿ ಕಲಿತಿದ್ದಳು. ತಾರೀಕು ಮುಗಿದದ್ದು ಡಬ್ಬಿಯದು, ನನ್ನದಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಇಂಥ ಫಿಲಂ ತಂಪಿನಲ್ಲಿರಬೇಕು. ನಾಗಪುರದ ಬಿಸಿಲು ಏರತೊಡಗಿದ ಮೇಲಂತೂ ಫ್ರಿಜ್ಜಿನಲ್ಲೇ ಇರಬೇಕು, ಬಾಗಿಲಿನ ಅರೆಯಲ್ಲಿ. ಆದರೆ ಹೆಪ್ಪುಗಟ್ಟಬಾರದು. ಪ್ರತಿ ಫೋಟೋದ ದಪ್ಪ ಅಂಚಿನೊಳಗೆ ರಾಸಾಯನಿಕ ಅಂಟಿನ ಪುಟ್ಟ ಪೊಟ್ಟಣ ಇರುತ್ತದೆ. ಫೋಟೋ ಹೊರಬರುವಾಗ ಕ್ಯಾಮೆರಾದ ಉರುಳೆಗಳು ಅದನ್ನು ಒಡೆದು ಹಾಳೆಯ ತುಂಬ ಸವರುತ್ತವೆ. ಹೆಪ್ಪುಗಟ್ಟಿ ಕರಗಿದ ಅಂಟು ಕೊನೆಯ ಮೂಲೆ ತನಕ ಹೋಗುವುದಿಲ್ಲ.

ಅವ್ವನಿಗೆ ಇದು ಗೊತ್ತಿರಲಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲ ಎಂದು ಮಗಳು ಹೇಳಿದ್ದು ಕಿವಿಯಲ್ಲಿತ್ತು. ಹಾಗಾದರೆ ಫ್ರೀಜರಿನಲ್ಲಿ ಇನ್ನೂ ಚಲೋ ಅಂದುಕೊಂಡಳು. ಈ ಊರಿನಲ್ಲಿ ಒಳ್ಳೆಯ ತೆಂಗಿನಕಾಯಿ ಸಿಕ್ಕಿದ ದಿನ ನಾಲ್ಕೈದು ತಂದು, ತುರಿದು, ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕುವುದು ಅವಳ ಪದ್ಧತಿ. ಅವತ್ತು ಡಬ್ಬಿಗೆ ಜಾಗ ಮಾಡುವಾಗ, ಪುಣ್ಯದ ಕೆಲಸ ಎಂಬಂತೆ, ಮಗಳ ಎರಡು ಪ್ಯಾಕು ಫಿಲಂ ಅನ್ನೂ ಕೆಳಗೆ ಮಲಗಿಸಿ ಅದರ ಮೇಲೆ ತುರಿಯ ಡಬ್ಬಿ ಇಟ್ಟಳು. ಯುಗಾದಿಯ ಬೆಳಿಗ್ಗೆ ಪೂರ್ವಿ ಅವನ್ನು ಮಂಜಿನೊಳಗಿನಿಂದ ಚಮಚದಲ್ಲಿ ಕೆತ್ತಿ ತೆಗೆಯಬೇಕಾಯಿತು.

ಆ ಡಬ್ಬಿಯ ಮುಚ್ಚಳವನ್ನೂ ಅವಳು ತಂದಿದ್ದಳು. ಸ್ಟೀಲಿನದು. ಮೇಲೆ ಅಂಟಿಸಿದ ಬಿಳಿ ಪಟ್ಟಿಯಲ್ಲಿ ತುರಿ ಎಂದೂ, ಹಾಕಿಟ್ಟ ತಾರೀಕೂ ಇತ್ತು. ಮಾರ್ಚ್ ಮೂರು.

"ಅಂದರೆ ಮೂರನೇ ತಾರೀಕಿನಿಂದ ಈ ಫಿಲಂ ಫ್ರೀಜರಿನಲ್ಲಿತ್ತು. ಆಮೇಲೆ ತೆಗೆದ ಎಲ್ಲಕ್ಕೂ ಮೂಲೆ ಹೋಗಿದೆ. ನಿಮ್ಮ ಫೋಟೋಗೆ ಮೂಲೆ ಇದೆ. ಅದು ಯುಗಾದಿಯದಲ್ಲ."

ಮುಚ್ಚಳವನ್ನು ಬೋರ್ಡಿನ ಮೇಲೆ, ಫೋಟೋಗಳ ಪಕ್ಕದಲ್ಲಿಟ್ಟಳು.

ಇಷ್ಟು ಹೊತ್ತೂ ಕಿಟಕಿಗೆ ಒರಗಿ ಮೊಬೈಲ್ ನೋಡುತ್ತಿದ್ದ ರಂಜನ್ ನಕ್ಕ. ಏರ್‌ಫೋರ್ಸ್ ಅಧಿಕಾರಿಯ ಮಗ, ಮೈಸೂರು ಕಡೆಯವನು, ಇಲ್ಲೇ ಬೆಳೆದು ನಿವೇಶನ ದಲ್ಲಾಳಿಯಾದವನು. ಸದರ್ ಬಡಾವಣೆಯಲ್ಲಿದ್ದ ಕೂಟದ ಈ ಹಳೇ ಕಟ್ಟಡವನ್ನು ಕೆಡವಿ ಮಹಡಿ ಎಬ್ಬಿಸಬೇಕೆಂಬುದು ಅವನ ಎರಡು ವರ್ಷದ ಆಸೆ. ಅದಕ್ಕೆ ಸಹಿ ಹಾಕದೆ ಕೂತವರು ಇಬ್ಬರು. ಒಬ್ಬ ಆಸ್ಪತ್ರೆಯಲ್ಲಿದ್ದ. ಇನ್ನೊಬ್ಬ ಪೇದೆಯ ಪಕ್ಕದಲ್ಲಿದ್ದ.

"ಏನ್ ಪೂರ್ವಿ, ಪೊಲೀಸ್ನೋರಿಗೆ ತೆಂಗಿನ ತುರಿ ಡಬ್ಬಿ ಸಾಕ್ಷೀನಾ?"

"ನೀವು ಇಲಿ ಅಂದ್ರಿ. ನಾ ಇಲಿ ಹಿಡ್ಕೊಂಡು ಬಂದೀನಿ."

ರಂಜನ್ ಅವಳನ್ನು ಬಿಟ್ಟು ವಾನಖೇಡೆಯ ಕಡೆ ತಿರುಗಿದ. ಸಾಹೇಬರೇ, ಕೆಟ್ಟ ಫಿಲಂ ಎಂದು ಅವಳೇ ಒಪ್ಪುತ್ತಿದ್ದಾಳೆ, ಕೆಟ್ಟದ್ದರಲ್ಲಿ ಒಂದು ಸರಿಯಾಗಿ ಬಂದಿರಬಹುದು, ಅದಕ್ಕೇನು ಕಾನೂನಿದೆಯೇ ಎಂದ. ಮಾತು ನಯವಾಗಿತ್ತು. ವಾನಖೇಡೆ ತಲೆಯಾಡಿಸಿದ. ಪೂರ್ವಿಗೆ ಆ ತಲೆಯಾಟ ಹಿಡಿಸಲಿಲ್ಲ.

ಅವಳು ಹೆಗಲ ಚೀಲದಿಂದ ಇನ್ನೊಂದು ಪ್ಯಾಕು ತೆಗೆದು ಅವನ ಕೈಗಿಟ್ಟಳು. ಬೆಳ್ಳಿ ಬಣ್ಣದ ಹಾಳೆ ಹರಿದಿರಲಿಲ್ಲ. ಫ್ರೀಜರಿನಲ್ಲಿದ್ದ ಎರಡರಲ್ಲಿ ಇದು ಎರಡನೆಯದು ಎಂದಳು. ಪ್ಯಾಕಿನ ಮೇಲಿನ ಮುಗಿದ ತಾರೀಕು ಓದಿಸಿದಳು, ಹಾಳೆಯನ್ನು ಅವನ ಕೈಯಿಂದಲೇ ಹರಿಸಿದಳು, ಕ್ಯಾಮೆರಾಗೆ ತುಂಬಿದಳು. ಮೊದಲು ಕಪ್ಪು ಹೊದಿಕೆಯ ಹಾಳೆ ಹೊರಬಂತು.

"ರಂಜನ್ ಅಣ್ಣಾ, ಇಲ್ಲಿ ನೋಡ್ರಿ."

ರಂಜನ್ ಅಭ್ಯಾಸಬಲದಿಂದ ಕಾಲರ್ ಸರಿಮಾಡಿಕೊಂಡ. ಅಷ್ಟರಲ್ಲಿ ಫ್ಲ್ಯಾಶ್ ಹೊಳೆಯಿತು.

ಫೋಟೋ ಮೆಲ್ಲಗೆ ಹೊರಬಂತು, ಹಾಲಿನ ಕೆನೆಯ ಹಾಗೆ ಬೆಳ್ಳಗೆ. ಜಾಡಿಸಿದರೆ ಬೇಗ ಬರುತ್ತದೆ ಎಂದು ಗುಂಡಪ್ಪ ಕೈ ಹಾಕಲು ಬಂದ. ಮುಟ್ಟಬೇಡ್ರಿ ಎಂದು ಪೂರ್ವಿ ಅವನನ್ನು ಕೂರಿಸಿದಳು. ಹೊಸ ಫಿಲಂ ಆದರೆ ಒಂದೂವರೆ ನಿಮಿಷ. ಇದು ಹಳತು, ತನ್ನ ಮರ್ಜಿ ಬಂದಾಗ ಮೂಡುತ್ತದೆ.

ಎಲ್ಲರೂ ಕೇರಂ ಬೋರ್ಡಿನ ಸುತ್ತ ಬಗ್ಗಿದರು. ಪೇದೆಯೂ ಬಂದ. ಹೊರಗೆ ಚರ್ಚಿನ ಕಡೆಯಿಂದ ಸ್ಕೂಲ್ ವ್ಯಾನೊಂದು ಹಾರ್ನ್ ಹೊಡೆಯುತ್ತಿತ್ತು. ಮೊದಲು ಕಿಟಕಿಯ ನೆರಳು ಕಂಡಿತು. ಆಮೇಲೆ ರಂಜನ್‌ನ ಕಾಲರ್, ಗಲ್ಲ, ಅರ್ಧ ನಗು. ಮತ್ತೆರಡು ನಿಮಿಷ. ಬಲಗಡೆಯ ಮೇಲಿನ ಮೂಲೆ ಬೆಳ್ಳಗೇ ಉಳಿಯಿತು. ರಂಜನ್‌ನ ಕಿವಿ, ನೆತ್ತಿಯ ಒಂದು ಚೂರು ಅದರಲ್ಲಿ ಹೋಗಿತ್ತು.

ಗುಂಡಪ್ಪ ಮೂಗಿನಲ್ಲಿ ನಕ್ಕು, ಕೆಮ್ಮಿದಂತೆ ಮಾಡಿದ.

ವಾನಖೇಡೆ ಆ ಹಸಿ ಫೋಟೋವನ್ನು ಹತ್ತರ ಸಾಲಿನ ಕೊನೆಗೆ ಸರಿಸಿ, ಬಹಳ ಹೊತ್ತು ನೋಡಿದ. ಬರೋಬರ್, ಸರಿಯಾಗಿದೆ, ಅಂದ. ಅಷ್ಟೇ. ಆದರೆ ಈ ಸಲ ತಲೆಯಾಡಿಸಿದ್ದು ಪೂರ್ವಿಯ ಕಡೆಗೆ.

ರಂಜನ್ ಸೋಲುವವನಲ್ಲ. ಅವತ್ತು ಅವಳು ಇನ್ನೊಂದು ಪ್ಯಾಕು ತಂದಿರಬಹುದು, ಫ್ರೀಜರಿಗೆ ಹೋಗದ್ದು, ಅದರಿಂದ ತೆಗೆದಿರಬಹುದು ಎಂದ. ಅಪ್ಪನನ್ನು ಉಳಿಸಲು ಮಗಳು ಹತ್ತು ತೋರಿಸಿ ಹನ್ನೊಂದನೆಯದನ್ನು ಮುಚ್ಚಿಡುವುದಿಲ್ಲವೇ ಎಂದ. ಕೊನೆಗೆ ಅವಳತ್ತ ತಿರುಗಿ ಕನ್ನಡದಲ್ಲಿ ಹೇಳಿದ:

"ಅಗ್ಗದ ಫಿಲಂ ಇಟ್ಕೊಂಡು ಫೋಟೋ ತೆಗೀಬಹುದು ಕಣಮ್ಮ. ಕೇಸ್ ಗೆಲ್ಲೋಕಾಗಲ್ಲ."

ಪೂರ್ವಿಗೆ ಸಿಟ್ಟು ಬರಲಿಲ್ಲ. ಸಮಾಧಾನವೇ ಆಯಿತು. ಅವನು ತಾನಾಗಿಯೇ ಬಾಗಿಲು ತೆರೆದಿದ್ದ.

ಅಗ್ಗದ ಫಿಲಂ ಬಳಸುವವರಿಗೆ ಗಿರಾಕಿಗಳ ದೂರು ತಪ್ಪಿದ್ದಲ್ಲ. ಆರು ತಿಂಗಳಲ್ಲಿ ಬಣ್ಣ ಹೋಯಿತು, ಮುಖ ಮಾಸಿತು ಎಂದು ಬರುತ್ತಾರೆ. ಬಂದವರಿಗೆ ಅವಳು ಬಿಟ್ಟಿಯಾಗಿ ಇನ್ನೊಂದು ತೆಗೆದುಕೊಡುತ್ತಿದ್ದಳು. ಯಾವ ಪ್ಯಾಕು ಕೆಟ್ಟಿತೆಂದು ಗೊತ್ತಾದರೆ ಅದರ ಜೊತೆ ಕೊಂಡ ಪ್ಯಾಕುಗಳನ್ನು ಗಾಂಧಿಬಾಗ್‌ನವನ ಮುಖದ ಮೇಲೆ ಎಸೆಯಬಹುದು. ಅದಕ್ಕಾಗಿ ಪ್ರತಿ ಫೋಟೋ ಒಣಗಿದ ಕೂಡಲೇ ಅದರ ಕಪ್ಪು ಬೆನ್ನಿನ ಮೇಲೆ ಸೀರೆಪಿನ್ನಿನ ಮೊನೆಯಿಂದ ಸಂಖ್ಯೆ ಗೀಚುವುದು ಅವಳ ಕ್ರಮ. ಮೊದಲು ಪ್ಯಾಕಿನದು, ಆಮೇಲೆ ಫೋಟೋದ್ದು. ನೇರ ನೋಡಿದರೆ ಕಾಣುವುದಿಲ್ಲ. ಓರೆಯಾಗಿ ಬೆಳಕಿಗೆ ಹಿಡಿದರೆ ಗೀರು ಹೊಳೆಯುತ್ತದೆ. ಯಾವ ಸಂಖ್ಯೆ ಯಾರಿಗೆ ಹೋಯಿತೆಂಬುದು ಅವಳ ಪುಟ್ಟ ನೋಟ್‌ಬುಕ್ಕಿನಲ್ಲಿತ್ತು.

ಹತ್ತನ್ನೂ ಒಂದೊಂದಾಗಿ ಮಗುಚಿ ಕಿಟಕಿಯ ಬಿಸಿಲಿಗೆ ಓರೆ ಹಿಡಿದಳು. ವಾನಖೇಡೆ ಬಗ್ಗಿ ಓದಿದ. 23-1. 23-2. ಗುಂಡಪ್ಪನ ಸ್ಟೂಲಿನ ಕೆಳಗಿನದು 23-6. ಕೊನೆಯದು 23-10. ನೋಟ್‌ಬುಕ್ಕಿನಲ್ಲೂ ಅದೇ ಕ್ರಮದಲ್ಲಿ ಹತ್ತು ಹೆಸರು, ದೇವನಾಗರಿಯಲ್ಲಿ. ಕನ್ನಡ ಅಕ್ಷರ ಬರೆಯಲು ಅವಳಿಗೆ ಇನ್ನೂ ಹೊತ್ತು ಹಿಡಿಯುತ್ತಿತ್ತು; ವ್ಯಾಸರಾಜ ಕಾಕಾ ಮೇಲಿನ ಗ್ರಂಥಾಲಯದಲ್ಲಿ ಕೂರಿಸಿ ಕಲಿಸುತ್ತಿದ್ದದ್ದು ಈಗಷ್ಟೇ ಒತ್ತಕ್ಷರಕ್ಕೆ ಬಂದಿತ್ತು.

"ಈಗ ನಿಮ್ಮದು ತೆಗೀರಿ," ಅಂದಳು ಮರಾಠಿಯಲ್ಲಿ. "ಅಂಚು ಹಿಡಿದು."

ಇಷ್ಟು ದಿನ ಆ ಫೋಟೋದ ಬೆನ್ನು ಅವಳು ನೋಡಿರಲಿಲ್ಲ. ಲಕೋಟೆಯೊಳಗೆ ಅದರ ಹಿಂದೆ ಪೊಲೀಸರ ಬಿಳಿ ಚೀಟಿ ಇತ್ತು, ಮುಟ್ಟಲೂ ಬಿಟ್ಟಿರಲಿಲ್ಲ. ವಾನಖೇಡೆ ಎರಡು ಬೆರಳಿನಲ್ಲಿ ಅದನ್ನು ಎಳೆದು, ಮಗುಚಿ, ತಾನೇ ಬಿಸಿಲಿಗೆ ಹಿಡಿದ.

21-9.

ಮೂರು ಸಲ ಓದಿದ. ಕೊನೆಯ ಸಲ ಜೋರಾಗಿ.

"ಇಪ್ಪತ್ತೊಂದನೇ ಪ್ಯಾಕು ಸಂಕ್ರಾಂತಿಯದು," ಅಂದಳು ಪೂರ್ವಿ. ಧ್ವನಿ ಏರದಂತೆ ನೋಡಿಕೊಂಡಳು. ಸಂಕ್ರಾಂತಿಯ ದಿನ ಊಟಕ್ಕೆ ಬಾರದೆ ಪುಸ್ತಕಕ್ಕೆ ರಟ್ಟು ಅಂಟಿಸುತ್ತ ಕೂತಿದ್ದ ವ್ಯಾಸರಾಜನನ್ನು ಅಪ್ಪ ಕೈ ಹಿಡಿದು ಎಳೆದುಕೊಂಡು ಬಂದಿದ್ದು ಅವಳಿಗೆ ನೆನಪಿತ್ತು. ಇಬ್ಬರೂ ನಗುತ್ತಿದ್ದರು. ಕ್ಯಾಮೆರಾ ಹಿಡಿಯುವುದು ತೆರೆದ ಬಾಯನ್ನು ಮಾತ್ರ. ಅದು ಬೈಗುಳವೋ ನಗುವೋ ಎಂದು ಅದಕ್ಕೇನು ಗೊತ್ತು. "ಫೋಟೋ ಜನವರಿಯದು. ತಾರೀಕು ಆಮೇಲೆ ಯಾರೋ ಬರೆದದ್ದು. ಯಾರಿಗೆ ಕೊಟ್ಟಿದ್ದೆನೋ ಅವರೇ ಬರೆದಿರಬೇಕು, ಇಲ್ಲ ಅವರ ಹತ್ತಿರ ಯಾರೋ ತೆಗೆದುಕೊಂಡಿರಬೇಕು."

ಹಾಗೆ ಹೇಳುತ್ತಲೇ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ರಂಜನ್ ಕಿಟಕಿಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತಿದ್ದ. ಅವನ ಹೆಸರೇ ಇರುತ್ತದೆ ಎಂಬ ಖಾತ್ರಿ ಅವಳಿಗಿತ್ತು. ಸಂಕ್ರಾಂತಿಯ ದಿನ ಅವನು ಎರಡು ಫೋಟೋ ಒಯ್ದಿದ್ದ.

21-7, ರಂಜನ್. 21-8, ರಂಜನ್.

ಮುಂದಿನ ಸಾಲಿನ ಮೇಲೆ ಅವಳ ಬೆರಳು ನಿಂತಿತು.

ಅಪ್ಪ ನಗುವ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಅದನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿದ್ದಳು. ಎರಡು ತಿಂಗಳು ಅದು ಫ್ರಿಜ್ಜಿನ ಬಾಗಿಲ ಮೇಲೆ, ಗ್ಯಾಸ್ ಏಜೆನ್ಸಿ ಕೊಟ್ಟ ಅಯಸ್ಕಾಂತದ ಕೆಳಗೆ ಇತ್ತು. ದಿನಾ ನೋಡುವುದನ್ನು ಯಾರೂ ನೋಡುವುದಿಲ್ಲ. ಯಾವಾಗ ಅಲ್ಲಿಂದ ಹೋಯಿತೆಂಬುದೂ ಅವಳಿಗೆ ಗೊತ್ತಾಗಿರಲಿಲ್ಲ. ಇನ್ಸ್‌ಪೆಕ್ಟರ್ ಲಕೋಟೆಯಲ್ಲಿ ತೋರಿಸಿದಾಗ, ಅವಳು ತೆಗೆದ ನೂರಾರರಲ್ಲಿ ಇದೂ ಒಂದು ಎಂದಷ್ಟೇ ಕಂಡಿತ್ತು.

ಯಾರಿಗೆ ಕೊಟ್ಟಿದ್ದೆ ಎಂದು ವಾನಖೇಡೆ ಕೇಳಿದ.

ಸುಳ್ಳು ಬಾಯಿಯ ಅಂಚಿಗೇ ಬಂದಿತ್ತು. ವ್ಯಾಸರಾಜ ಕಾಕಾಗೆ ಅಂದರೆ ಮುಗಿಯಿತು, ಅವನು ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಎರಡು ದಿನದಿಂದ ಊರೆಲ್ಲ ತಿರುಗಿ ಈ ನೋಟ್‌ಬುಕ್ ಸುಳ್ಳು ಹೇಳುವುದಿಲ್ಲ ಎಂದು ಸಾರಿದವಳು ಅವಳೇ. ಅದರಲ್ಲಿ ಒಂದು ಸಾಲು ಸುಳ್ಳಾದರೆ ಹತ್ತೂ ಸುಳ್ಳು.

"ನಮ್ಮ ಮನೆಗೆ," ಅಂದಳು. ಪುಸ್ತಕವನ್ನು ತಿರುಗಿಸಿ ಅವನ ಮುಂದಿಟ್ಟಳು.

ರಂಜನ್ ಮೆಲ್ಲಗೆ ಉಸಿರು ಬಿಟ್ಟ. ಮತ್ತೆ ಕಿಟಕಿಗೆ ಒರಗಿ ನಿಂತ. ಅವನು ಹೇಳಬೇಕಾದದ್ದೇನೂ ಉಳಿದಿರಲಿಲ್ಲ.

ವಾನಖೇಡೆ ಫೋಟೋವನ್ನು ಮತ್ತೆ ಮೇಲ್ಮುಖವಾಗಿ ಬೋರ್ಡಿನ ಮೇಲಿಟ್ಟ. ಅವನ ಕಣ್ಣು ತಾರೀಕಿನ ಮೇಲೆ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದು, ಸ್ಟೀಲಿನ ಮುಚ್ಚಳದ ಮೇಲೆ ಹೋಗಿ ಕೂತಿತು. ಅವನು ಮುಚ್ಚಳವನ್ನು ಒಂದೇ ಬೆರಳಿನಿಂದ ಫೋಟೋದ ಹತ್ತಿರಕ್ಕೆ ತಳ್ಳಿದ. ಬಿಳಿ ಪಟ್ಟಿಯ ಮೇಲಿನ ತುರಿ ಎಂಬ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಕನ್ನಡ ಬಾರದಿದ್ದರೂ ಅಂಕಿ ಬರುತ್ತಿತ್ತು.

3-3.

ಎರಡೂ ಮೂರಕ್ಕೆ ತಲೆ ಚಪ್ಪಟೆ. ಹಲಗೆ ಇಟ್ಟ ಹಾಗೆ.

ಪೂರ್ವಿ ಅದನ್ನು ಅವತ್ತು ಬೆಳಿಗ್ಗೆ ತೊಳೆದು, ಒರೆಸಿ, ಪಟ್ಟಿ ಹರಿಯದಂತೆ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಉಪ್ಪಿನಕಾಯಿ ಜಾಡಿಯ ಮೇಲೆ, ಗ್ಯಾಸ್ ಬಂದ ದಿನದ ಕ್ಯಾಲೆಂಡರಿನ ಮೇಲೆ, ತನ್ನ ಬಾಲವಾಡಿಯ ಪಾಟಿಯ ಮೇಲೆ, ಇಪ್ಪತ್ತು ವರ್ಷದಿಂದ ನೋಡಿದ ಮೂರು. ಕೂಟದ ಪುಸ್ತಕಗಳನ್ನೆಲ್ಲ ಜಾಲಾಡಿದವಳಿಗೆ ಮನೆಯಲ್ಲಿ ಹುಡುಕಬೇಕೆಂದು ಹೊಳೆದಿರಲಿಲ್ಲ.

"ಪೂರ್ವಿ."

ಅಪ್ಪನ ಧ್ವನಿ. ಐದು ದಿನದಲ್ಲಿ ಮೊದಲ ಸಲ ಅವನು ಯಾರೂ ಕೇಳದೆ ತಾನಾಗಿ ಮಾತಾಡಿದ್ದ.

"ಆ ಮುಚ್ಚಳಾ ತಕ್ಕೊಂಡು ಮನೀಗೆ ಹೋಗು. ಸಾಕು ಮಾಡು."

"ಸಾಕು ಮಾಡಾಂಗಿಲ್ಲ," ಅಂದಳು ಪೂರ್ವಿ. ಅವಳ ಕಣ್ಣು ಬಾಗಿಲ ಕಡೆಗಿತ್ತು. "ಅವ್ವಾ. ಇದು ನಿನ್ನ ಅಕ್ಷರ ಐತಿ."

ಅನಸೂಯ ಕೈಚೀಲವನ್ನು ಗೋಡೆಯ ಬದಿಗೆ ಸರಿಸಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಡುಗೆಮನೆಯಲ್ಲಿ ಮಾಡುವ ಹಾಗೆ. ಮೂವತ್ತು ವರ್ಷ ಈ ಊರಿನ ಸಂತೆಯಲ್ಲಿ ಚೌಕಾಸಿ ಮಾಡಿದವಳು, ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವಳು ಕನ್ನಡದಲ್ಲೇ ಮಾತಾಡಿದಳು.

"ಹೌದು, ನಂದ. ತಾರೀಕು ಬರದಾಕಿ ನಾನ, ಕೂಟದ ಅಂಚಿ ಡಬ್ಬ್ಯಾಗ ಹಾಕಿ ಬಂದಾಕಿನೂ ನಾನ. ಯಾಕ ಅಂತ ನನ್ನ ಕೇಳಬ್ಯಾಡ. ಬರಿ ಅಂತ ಎದುರಿಗೆ ಕೂತು ಬರಿಸಿದವ್ರು ಅಲ್ಲಿ ಕುರ್ಚಿ ಮ್ಯಾಲೆ ಕುಂತಾರ. ನಿಮ್ಮಪ್ಪನ್ನ ಕೇಳು."

ಗುಂಡಪ್ಪ ಕರವಸ್ತ್ರವನ್ನು ಜೇಬಿಗೆ ತುರುಕಿದ.

ಪೂರ್ವಿ ಅಪ್ಪನ ಕಡೆ ತಿರುಗಿದಳು. ಅವಳು ಎರಡು ದಿನ ಬಿಸಿಲಿನಲ್ಲಿ ಅಲೆದದ್ದು ಈ ಮನುಷ್ಯನನ್ನು ಬಲೆಯಿಂದ ಬಿಡಿಸಲು. ಬಲೆ ಹೆಣೆಸಿದವನು ಅವನೇ. ಯಾರ ಬದಲಿಗೆ ಜೈಲಿಗೆ ಹೋಗಿ ಕೂರಲು ಹೊರಟಿದ್ದ ಎಂಬುದು ಅವನ ಮುಖದಲ್ಲಿ ಬರೆದಿರಲಿಲ್ಲ. ಅವನು ಒಂದೇ ಒಂದು ಸಲ ತಲೆಯಾಡಿಸಿದ: ಬೇಡ.

ಹೊರಗೆ ಜೀಪ್ ಬಂದು ನಿಂತ ಸದ್ದಾಯಿತು.

ವಾನಖೇಡೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಆ ಕೋಣೆಯಲ್ಲಿ ಈಗ ಏನು ಮಾತಾಯಿತೆಂದು ತಿಳಿಯದವರು ಅವನೂ ಅವನ ಪೇದೆಯೂ ಮಾತ್ರ.

"ಆಯೀ ಕಾಯ್ ಮ್ಹಣಾಲ್ಯಾ?" ಎಂದು ಪೂರ್ವಿಯನ್ನು ಕೇಳಿದ. ನಿನ್ನ ಅಮ್ಮ ಏನಂದರು?

ಕಿಟಕಿಯ ಬಳಿ ರಂಜನ್ ಅನುವಾದ ಮಾಡಿಕೊಡಲು ಒಂದು ಹೆಜ್ಜೆ ಮುಂದೆ ಬಂದ. ಅವನಿಗಿಂತ ಮೊದಲು ಪೂರ್ವಿ, ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟು, ಬಾಯಿ ತೆರೆದಳು.